ಗಾಜಿನ ಗೂಡು

ಜನವರಿ 12, ಭಾನುವಾರ

ಜನರೇಟರ್ ಬಂತು. ಕೆಂಪು ಬಣ್ಣ, ಸಣ್ಣ ಸೂಟ್‌ಕೇಸಿನಷ್ಟು ಗಾತ್ರ, ಮೇಲೊಂದು ಹಿಡಿ. ನಾನು ಪೆಟ್ಟಿಗೆ ಬಿಚ್ಚುತ್ತಿದ್ದರೆ ಮುದುಕಿ ತನ್ನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೈ ಜೋಡಿಸಲಿಕ್ಕೂ ಬರಲಿಲ್ಲ, ಒಳಗೂ ಹೋಗಲಿಲ್ಲ.

“ಇದು ಏನು ಕುಡಿಯುತ್ತೆ ಚಿಗುಸಾ?”

“ಪೆಟ್ರೋಲು ಅತ್ತೆ.”

“ಸೀಮೆಎಣ್ಣೆ ನಾತ ಬೇಡ ಅಂದೋಳು ಪೆಟ್ರೋಲ್ ತಂದಿಟ್ಕೊಂಡ್ಯಲ್ಲ. ಭೇಷ್.”

ಮದುವೆಯಾಗಿ ಇಪ್ಪತ್ತೆರಡು ವರ್ಷ. ಈ ಕಿನು ಎಂಬ ಹೆಂಗಸು ನನಗೆ ಒಂದು ದಿನವಾದರೂ ಕೊನೆಯ ಮಾತು ಬಿಟ್ಟುಕೊಟ್ಟಿದ್ದರೆ ಕೇಳಿ. ಎಂಬತ್ತೆರಡು ತುಂಬಿದೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

ಜಗಳ ಶುರುವಾದದ್ದು ನವೆಂಬರಿನಲ್ಲಿ, ಒಂದು ಸಂಜೆ ಆರು ಗಂಟೆ ಕಾಲ ಕರೆಂಟ್ ಹೋದಾಗ. ಮೂರು ವರ್ಷದ ಹಿಂದೆ ಹಳೇ ಮನೆ ಕೆಡವಿ ಇದನ್ನು ಕಟ್ಟಿಸುವಾಗ ಎಲ್ಲವೂ ಕರೆಂಟಿನದೇ ಇರಲಿ ಎಂದು ಹಠ ಹಿಡಿದವಳು ನಾನು. ಒಲೆ, ಬಿಸಿನೀರು, ಹೀಟರು, ಗಾಳಿ ಎಳೆಯುವ ಫ್ಯಾನು, ಎಲ್ಲ. ಹೊಗೆ ಕೊಳವೆಗೆಂದು ಗೋಡೆಯಲ್ಲಿ ಒಂದು ತೂತೂ ಇಡಿಸಲಿಲ್ಲ. ಮನೆ ಎಷ್ಟು ಬಿಗಿ ಎಂದರೆ ಹೊರಗೆ ಮೈನಸ್ ಹದಿನೈದಿದ್ದರೂ ಒಳಗೆ ತೆಳು ಅಂಗಿಯಲ್ಲಿ ಓಡಾಡಬಹುದು. ಕರೆಂಟ್ ಇದ್ದರೆ. ಆ ಸಂಜೆ ಮುದುಕಿ ಕೋಟು ಹಾಕಿಕೊಂಡು ಕೂತು ನನ್ನನ್ನೇ ನೋಡಿ ನಕ್ಕಳು.

ಮಾರನೇ ದಿನ ಸೀಮೆಎಣ್ಣೆ ಮಾರುವ ಕುಮಾಗಾಯ್ ಬಂದಿದ್ದ. “ನೋಡಮ್ಮಾ, ಕರೆಂಟ್ ಬೇಡದ ಬತ್ತಿ ಸ್ಟೋವ್ ಒಂದು ಇಟ್ಕೋ. ಕಡ್ಡಿ ಗೀರಿದ್ರೆ ಸಾಕು. ಗಂಟೆಗೊಂದ್ಸಲ ಕಿಟಕಿ ತೆಗೆದು ಗಾಳಿ ಬದಲಾಯಿಸು. ಗೋಡೆಗೊಂದು ವಿಷಗಾಳಿ ಅಲಾರಂ ಹಾಕ್ಕೋ. ಇಷ್ಟೇ ವಿದ್ಯೆ” ಅಂದ. ಅಂಥದ್ದೇ ಸ್ಟೋವ್ ಒಂದನ್ನು ಮುದುಕಿ ಹಳೇ ಮನೆಯಿಂದ ಉಳಿಸಿ, ಶೆಡ್ಡಿನಲ್ಲಿ ಕಂಬಳಿ ಸುತ್ತಿ ಇಟ್ಟಿದ್ದಾಳೆ. ಮೂರು ವರ್ಷದಿಂದ ಅದಕ್ಕೆ ಎಣ್ಣೆ ಒರೆಸುತ್ತಾಳೆ. ಅದು ಒಳಗೆ ಬಂತೆಂದರೆ ಮನೆ ಕಟ್ಟಿಸಿದ್ದು ನಾನಲ್ಲ, ಅವಳು ಎಂದಾಗುತ್ತದೆ.

ಅದಕ್ಕೇ ಜನರೇಟರ್. ಅಲಾರಂ ತರಲಿಲ್ಲ. ಅದು ಮನೆಯೊಳಗೆ ಬೆಂಕಿ ಇಟ್ಟುಕೊಳ್ಳುವವರಿಗೆ, ನನ್ನ ಮನೆಯಲ್ಲಿ ಬೆಂಕಿಯೇ ಇಲ್ಲವಲ್ಲ. ಮನೆಯೊಳಗೆ ಓಡಿಸಬಾರದು ಎಂದು ಕೈಪಿಡಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದೆ. ಅಷ್ಟು ತಿಳಿಯದವಳೇನಲ್ಲ ನಾನು.

ಜನವರಿ 14, ಮಂಗಳವಾರ

ಮಧ್ಯಾಹ್ನ ತಕಾಯುಕಿ ಹೊರಟ. ಹಿಮ ತಳ್ಳುವ ಗಾಡಿ ಓಡಿಸುವವನ ಹೆಂಡತಿಗೆ ಬಿರುಗಾಳಿಯ ದಿನ ಗಂಡ ಇರುವುದಿಲ್ಲ. ಗಾಳಿ ನಿಲ್ಲುವ ತನಕ ಅವನ ಊಟ, ನಿದ್ದೆ ಎಲ್ಲ ಡಿಪೋದಲ್ಲೇ. ಬೂಟು ಹಾಕಿಕೊಳ್ಳುತ್ತಾ, “ನಾನು ಬರೋದ್ರೊಳಗೆ ಇಬ್ರಲ್ಲಿ ಒಬ್ರಾದ್ರೂ ಉಳಿದಿರಿ” ಅಂದ. ಅವನ ತಾಯಿ ಒಳಗಿನಿಂದ, “ಯಾರು ಅಂತ ಹೇಳಿ ಹೋಗು” ಅಂದಳು.

ಮೂರೂ ಮುಕ್ಕಾಲಿಗೆ ಕರೆಂಟ್ ಹೋಯಿತು. ಫ್ಯಾನಿನ ಸದ್ದು ನಿಂತಾಗಲೇ ಅದು ಇಷ್ಟು ಹೊತ್ತು ಓಡುತ್ತಿತ್ತು ಎಂದು ತಿಳಿಯುವುದು. ಐದಕ್ಕೆ ಊರಿನ ಧ್ವನಿವರ್ಧಕ ಕೂಗಿತು. ಗುಡ್ಡದ ಮೇಲಿನ ದೊಡ್ಡ ಕಂಬವೇ ಬಿದ್ದಿದೆ, ಸರಿಯಾಗಲು ಮೂರು ನಾಲ್ಕು ದಿನ ಬೇಕು, ಶಾಲೆಯ ಹಾಲಿನಲ್ಲಿ ದೊಡ್ಡ ಸ್ಟೋವ್ ಹಚ್ಚಿದ್ದೇವೆ, ವಯಸ್ಸಾದವರು ಬೆಳಕಿರುವಾಗಲೇ ಬನ್ನಿ ಎಂದು. ತಿರುಗಿ ನೋಡಿದರೆ ಮುದುಕಿ ಬ್ಯಾಗು ತುಂಬಿಸಿ, ಟೋಪಿ ಹಾಕಿಕೊಂಡು ಸಿದ್ಧ.

“ನಡಿ, ಹೋಗೋಣ.”

“ಜನರೇಟರ್ ಇದೆಯಲ್ಲ ಅತ್ತೆ. ಎಲ್ಲಿಗೆ ಹೋಗೋದು?”

“ಅಲ್ಲಿ ಹತ್ತು ಜನ ಇರ್ತಾರೆ.”

ಆ ಹತ್ತು ಜನರೇ ನನಗೆ ಬೇಡವಾಗಿದ್ದು. ಊರಿಗೆಲ್ಲ ಹೊಸ ಮನೆ ತೋರಿಸಿದವಳು ಮೊದಲನೇ ದಿನವೇ ಹೊದಿಕೆ ಕಂಕುಳಲ್ಲಿಟ್ಟುಕೊಂಡು ಶಾಲೆಯಲ್ಲಿ ಸಾಲು ನಿಲ್ಲಬೇಕಾ? ನಾಳೆ ನೋಡೋಣ ಅಂದೆ. ಅವಳು ಟೋಪಿ ತೆಗೆಯದೆ ಒಂದು ಗಂಟೆ ಹಾಗೇ ಕೂತಿದ್ದಳು. ಮನೆ ಇನ್ನೂ ಬೆಚ್ಚಗಿದೆ. ಕಾವು ಹಿಡಿದಿಡುವ ದೊಡ್ಡ ಹೀಟರಿನ ಇಟ್ಟಿಗೆಗಳಲ್ಲಿ ಹಗಲಿನ ಬಿಸಿ ಉಳಿದಿದೆ, ಬೆಳಗ್ಗೆಯವರೆಗೆ ಸಾಕು.

ಜನವರಿ 15, ಬುಧವಾರ

ನಾನು ಗೆದ್ದೆ. ಬೆಳಗ್ಗೆ ಒಳಗೆ ಒಂಬತ್ತು ಡಿಗ್ರಿಗೆ ಇಳಿದಿತ್ತು. ಈಗ ಮುದುಕಿಯ ಕೋಣೆಯಲ್ಲಿ ಇಪ್ಪತ್ತೊಂದು.

ಜನರೇಟರನ್ನು ಬಯಲಿನಲ್ಲಿ ಇಡುವ ಹಾಗಿರಲಿಲ್ಲ. ಹತ್ತು ನಿಮಿಷಕ್ಕೆ ಹಿಮದಲ್ಲಿ ಹೂತು ಹೋಗುವಂಥ ಗಾಳಿ. ಅದಕ್ಕೆ ಹೊರಗೆ, ಮುಂಬಾಗಿಲಿಗೆ ತಾಗಿಸಿ ಕಟ್ಟಿದ ಗಾಜಿನ ಗೂಡಿನಲ್ಲಿ ಇಟ್ಟೆ. ಹಿಮ ಮೆತ್ತಿದ ಬೂಟು, ಸಲಿಕೆ, ಎಲೆಕೋಸು, ಉಪ್ಪು ಹಾಕಿದ ಮೀನು, ಬಿಯರ್ ಡಬ್ಬ ಎಲ್ಲ ಇರುವುದು ಅಲ್ಲೇ. ಅಲ್ಲಿ ರಾತ್ರಿ ನೀರು ಗಟ್ಟಿಯಾಗುತ್ತದೆ. ಒಂದು ಕೋಸು ತರಲು ಅಲ್ಲಿಗೆ ಹೋದರೂ “ಹೊರಗೆ ಹೋಗಿ ಬಂದೆ” ಎನ್ನುವುದು ಈ ಕಡೆಯ ಮಾತು. ಗೂಡಿನ ಹೊರಬಾಗಿಲನ್ನು ಒಂದು ಗೇಣು ಸರಿಸಿ ಬಿಟ್ಟಿದ್ದೇನೆ, ಹೊಗೆ ಹೋಗಲಿ ಎಂದು. ವೈರು ಒಳಗೆ ಬರಬೇಕಲ್ಲ, ಮುಂಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆ ಸಂದಿಗೆ ಟವೆಲು ತುರುಕಿದ್ದೇನೆ.

ಮನೆಯಲ್ಲಿ ಚಿಕ್ಕ ಕೋಣೆ ಎಂದರೆ ಮುದುಕಿಯದು, ಮುಂಬಾಗಿಲ ಪಕ್ಕದ್ದು. ಬೇಗ ಬಿಸಿಯಾಗುತ್ತದೆ. ಸಣ್ಣ ಹೀಟರನ್ನೂ, ರಜಾಯಿ ಹೊದಿಸಿ ಒಳಗೆ ಕಾಲು ಕಾಯಿಸಿಕೊಳ್ಳುವ ತಗ್ಗು ಮೇಜನ್ನೂ ಅಲ್ಲೇ ಹಾಕಿದೆ. ಇಬ್ಬರೂ ರಜಾಯಿಯೊಳಗೆ ಕಾಲು ಚಾಚಿ ಎದುರುಬದುರು ಕೂತೆವು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಹತ್ತಿರ ಇಷ್ಟು ಹೊತ್ತು ಕೂತದ್ದು ಇದೇ ಮೊದಲು.

ಅಷ್ಟರಲ್ಲಿ ಅವಳ ಚಟ ಶುರುವಾಯಿತು. ಗಂಟೆಗೊಮ್ಮೆ ಎದ್ದು ಕಿಟಕಿ ತೆಗೆಯುತ್ತಾಳೆ. ಇಷ್ಟು ಕಷ್ಟಪಟ್ಟು ಮಾಡಿದ ಕಾವೆಲ್ಲ ಆಚೆ.

“ಸ್ಟೋವ್ ಇಲ್ವಲ್ಲ ಅತ್ತೆ, ಗಾಳಿ ಯಾಕೆ ಬದಲಾಯಿಸ್ತೀರಿ?”

“ಏನೋ ಉರೀತಿದೆ ಅಂದ್ಮೇಲೆ ಕಿಟಕಿ ತೆಗೀಬೇಕು.”

“ಉರೀತಿರೋದು ಹೊರಗೆ.”

“ಗಣಿ ಕ್ವಾರ್ಟರ್ಸಲ್ಲಿದ್ದಾಗ ಪಕ್ಕದ ಮನೆಯೋರು ಮೂರು ಜನ ಒಂದು ಬೆಳಗ್ಗೆ ಏಳ್ಲೇ ಇಲ್ಲ. ಕಲ್ಲಿದ್ದಲು ಒಲೆ. ನಾನೇ ಹೋಗಿ ನೋಡಿದ್ದು. ಮೂವರ ಮುಖಾನೂ ಕೆಂಪಗೆ, ಈಗಷ್ಟೇ ಬಿಸಿನೀರಲ್ಲಿ ಮಿಂದು ಬಂದ ಮಕ್ಕಳ ಥರ ಇತ್ತು.”

ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಕಿಟಕಿ ಮುಚ್ಚಿದೆ. ಸಂಜೆ ತಲೆ ಸ್ವಲ್ಪ ನೋಯಿತು. ಆ ಕಥೆಯಿಂದಲೇ ಇರಬೇಕು.

ತಕಾಯುಕಿ ಫೋನು ಮಾಡಿದ್ದ. ಎಲ್ಲ ಚೆನ್ನಾಗಿದೆ ಅಂದೆ. ಆಮೇಲೆ ಫೋನಿನಲ್ಲೂ ಸಿಗ್ನಲ್ ಹೋಯಿತು.

ಜನವರಿ 16, ಗುರುವಾರ

ಬಿರುಗಾಳಿ ನಿಂತಿಲ್ಲ. ಎದುರು ಮನೆ ಕಾಣಿಸುವುದಿಲ್ಲ. ಶಾಲೆಗೆ ಹೋಗೋಣ ಎಂದು ಈಗ ಯಾರೂ ಕೇಳುವ ಹಾಗಿಲ್ಲ, ದಾರಿಯೇ ಇಲ್ಲ.

ಬೆಳಗ್ಗೆ ಎದ್ದಾಗ ತಲೆ ಸಿಡಿಯುತ್ತಿತ್ತು, ಬಾಯಿ ಕಹಿ. ಹಿಮ ತೋಡಲು ಆಚೆ ಹೋಗಿ ಅರ್ಧ ಗಂಟೆ ಸಲಿಕೆ ಹಾಕಿದ ಮೇಲೆ ಹಗುರವಾಯಿತು. ಮೈ ಬಗ್ಗಿಸಿ ದುಡಿದರೆ ಎಲ್ಲ ಸರಿಹೋಗುತ್ತದೆ. ಗೂಡಿನ ಹೊರಬಾಗಿಲ ಗೇಣು ಸಂದಿಗೆ ಹಿಮ ಗೋಡೆ ಕಟ್ಟಿತ್ತು. ಒಡೆದೆ. ಮಧ್ಯಾಹ್ನ ನೋಡಿದರೆ ಮತ್ತೆ ಕಟ್ಟಿತ್ತು. ಎಷ್ಟು ಸಲ ಒಡೆಯುವುದು.

ಮುದುಕಿ ಗಂಜಿ ಮುಟ್ಟಲಿಲ್ಲ. ಹೊಟ್ಟೆ ತೊಳಸುತ್ತಿದೆ ಅಂದಳು. ಒಮ್ಮೆ ವಾಂತಿಯೂ ಆಯಿತು. ಶಾಲೆಗೆ ಕರೆದುಕೊಂಡು ಹೋಗಲಿಲ್ಲ ಎಂಬ ಸಿಟ್ಟಿಗೆ ಇದೆಲ್ಲ. ಬೇಕೆಂದಾಗ ಕಾಯಿಲೆ ಬರಿಸಿಕೊಳ್ಳುವ ವಿದ್ಯೆ ಅವಳಿಗೆ ಮೊದಲಿಂದಲೂ ಸಿದ್ಧಿಸಿದೆ. ನನ್ನ ತಂಗಿಯ ಮದುವೆಯ ದಿನವೂ ಹೀಗೇ ಮಾಡಿದ್ದಳು.

ಮಧ್ಯಾಹ್ನ ಮತ್ತೆ ಕಿಟಕಿ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಪೂರ್ತಿ ತೆಗೆದು, ತಲೆ ಆಚೆ ಹಾಕಿ ನಿಂತಿದ್ದಳು. ಕೂದಲ ಮೇಲೆಲ್ಲ ಹಿಮ. ಕೋಣೆ ಹನ್ನೊಂದು ಡಿಗ್ರಿಗೆ ಇಳಿದಿತ್ತು. ನನಗೆ ತಲೆ ಕೆಟ್ಟುಹೋಯಿತು. ಪಾರ್ಸೆಲ್ ಕಟ್ಟುವ ಅಗಲದ ಟೇಪು ತಂದು ಕಿಟಕಿಯ ನಾಲ್ಕೂ ಅಂಚಿಗೆ ಎರಡೆರಡು ಸುತ್ತು ಅಂಟಿಸಿದೆ.

ಅವಳು ರಜಾಯಿಯಂಚಿನಲ್ಲಿ ಕೂತು ನೋಡುತ್ತಿದ್ದಳು. “ತೆಗಿ ಚಿಗುಸಾ” ಅಂದಳು. ಎರಡು ಸಲ. ಆಮೇಲೆ, “ತೆಗಿಯಮ್ಮಾ” ಅಂದಳು. ಅವಳು ನನ್ನನ್ನು ಅಮ್ಮಾ ಎಂದದ್ದು ನಾನು ಕೇಳಿದ್ದೇ ಇಲ್ಲ.

ನಾನು ತೆಗೆಯಲಿಲ್ಲ.

ಜನವರಿ 16, ಗುರುವಾರ

ಮನೆ ಶಾಂತವಾಗಿದೆ. ಬೆಳಗ್ಗೆಯಿಂದ ಒಂದು ಕುಟುಕು ಮಾತಿಲ್ಲ. ಕಿಟಕಿಯ ಹತ್ತಿರ ಹೋಗುವುದನ್ನೂ ಬಿಟ್ಟಿದ್ದಾಳೆ. ಪೆಟ್ರೋಲ್ ತುಂಬಿಸಿ ಬಂದೆ. ಬಂದು ಕೂತ ಮೇಲೆ ತುಂಬಿಸಿದೆನೋ ಇಲ್ಲವೋ ಎಂದು ಅನುಮಾನ ಬಂತು. ಓಡುತ್ತಿದೆ, ತುಂಬಿಸಿರಬೇಕು.

ಹಿಮ ತೋಡಬೇಕು. ಕಾಲು ಬರುತ್ತಿಲ್ಲ. ಆಮೇಲೆ ತೋಡಿದರಾಯಿತು.

ಮುದುಕಿ ಮಲಗಿದ್ದಾಳೆ. ಕೆನ್ನೆ ಕೆಂಪಗೆ, ತುಂಬ ಆರೋಗ್ಯವಾಗಿ ಕಾಣುತ್ತಾಳೆ. ನೋಡಿದರೆ ಮುದ್ದು ಬರುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೀಗಿದ್ದಳೇನೋ. ನಾನೇ ಸರಿಯಾಗಿ ನೋಡಿರಲಿಲ್ಲ.

ಮನೆ ಶಾಂತವಾಗಿದೆ. ಬೆಳಗ್ಗೆಯಿಂದ ಒಂದು ಕುಟುಕು ಮಾತಿಲ್ಲ. ಈ ಮನೆ ಕಟ್ಟಿಸಿದ್ದು ಇದಕ್ಕೇ ಅನ್ನಿಸುತ್ತಿದೆ.

ಜನವರಿ 19, ಭಾನುವಾರ

ಆಸ್ಪತ್ರೆಯಲ್ಲಿ ಬರೆಯುತ್ತಿದ್ದೇನೆ. ಈ ಪುಸ್ತಕವನ್ನು ತಕಾಯುಕಿ ನನ್ನ ಬಟ್ಟೆಯ ಜೊತೆ ತಂದುಕೊಟ್ಟ. ಓದಿದನೋ ಇಲ್ಲವೋ ಗೊತ್ತಿಲ್ಲ. ಮೇಲಿನ ಪುಟ ಬರೆದದ್ದು ಶುಕ್ರವಾರ. ಗುರುವಾರ ಎಂದು ಬರೆದಿದ್ದೇನೆ.

ಶುಕ್ರವಾರ ಮಧ್ಯಾಹ್ನ ಗಾಳಿ ಸ್ವಲ್ಪ ಇಳಿದಾಗ ಕುಮಾಗಾಯ್ ಕಾಲಿಗೆ ಹಿಮಹಲಗೆ ಕಟ್ಟಿಕೊಂಡು ವಯಸ್ಸಾದವರಿರುವ ಮನೆಗಳಿಗೆ ಸೀಮೆಎಣ್ಣೆ ಕೊಡುತ್ತಾ ಬಂದನಂತೆ. ನಮ್ಮ ಗಾಜಿನ ಗೂಡಿನ ಸುತ್ತ ಹಿಮ ಕಿಟಕಿಯೆತ್ತರ ಬೆಳೆದಿತ್ತಂತೆ, ಒಳಗೆ ಎಂಜಿನ್ ಸದ್ದು. ಸಲಿಕೆಯಿಂದ ಗಾಜು ಒಡೆದು ಒಳಗೆ ನುಗ್ಗಿ ಅದನ್ನು ಆರಿಸಿದನಂತೆ.

“ಏನಮ್ಮಾ ಇದು, ಮನೇಲೇ ಓಡಿಸ್ತಿದೀಯಾ?” ಎಂದು ಕೇಳಿದ್ದಕ್ಕೆ ನಾನು ಗೋಡೆ ಹಿಡಿದು ನಿಂತು, “ಹೊರಗೇ ಇದೆಯಲ್ಲ” ಅಂದೆನಂತೆ. ಹಾಗಂದು ಅಲ್ಲೇ ಕುಸಿದೆನಂತೆ. ನನಗೆ ಯಾವುದೂ ನೆನಪಿಲ್ಲ.

ಡಾಕ್ಟರು ಹೇಳಿದರು. ಹೊಗೆಯಲ್ಲಿನ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಜಿನ ಗೂಡು ತುಂಬಿತು, ವೈರಿನ ಸಂದಿಯಿಂದ ಒಳಗೆ ಬಂತು, ಟವೆಲು ಅದಕ್ಕೆ ಯಾವ ಲೆಕ್ಕ. ಫ್ಯಾನು ನಿಂತ ಬಿಗಿ ಮನೆಯಲ್ಲಿ ಅದಕ್ಕೆ ಹೊರಹೋಗಲು ದಾರಿ ಇರಲಿಲ್ಲ. ಬಾಗಿಲಿಗೆ ಹತ್ತಿರದ ಕೋಣೆಯಲ್ಲಿ ಮಲಗಿದವರಿಗೆ ಹೆಚ್ಚು ತಗುಲಿತು. ನಾನು ಆಗಾಗ ಹಿಮ ತೋಡಲು ಹೋಗುತ್ತಿದ್ದದ್ದರಿಂದ ಉಳಿದೆ. “ಮೊದಲ ಎರಡು ದಿನ ಆ ಕೋಣೆಗೆ ಎಲ್ಲಿಂದಲೋ ಗಾಳಿ ಬರ್ತಿದ್ದಿರಬೇಕು. ಇಲ್ದಿದ್ರೆ ಅವರು ಇಷ್ಟು ಹೊತ್ತು ತಡೀತಿರ್ಲಿಲ್ಲ” ಅಂದರು.

ಎಲ್ಲಿಂದ ಎಂದು ನಾನು ಹೇಳಲಿಲ್ಲ.

ಆಂಬುಲೆನ್ಸಿನ ಮುಂದೆ ಹಿಮ ತಳ್ಳುತ್ತಾ ದಾರಿ ಮಾಡಿದ ಗಾಡಿ ತಕಾಯುಕಿಯದೇ. ನಲವತ್ತು ಕಿಲೋಮೀಟರ್ ಮುಂದೆ ಮುಂದೆ ಹೋದ. ಹಿಂದಿನ ಗಾಡಿಯಲ್ಲಿ ಯಾರಿದ್ದಾರೆ ಎಂದು ಆಸ್ಪತ್ರೆ ಬಾಗಿಲಲ್ಲಿ ಇಳಿಸುವಾಗ ಗೊತ್ತಾಯಿತಂತೆ.

ಅತ್ತೆ ಇನ್ನೂ ಕಣ್ಣು ಬಿಟ್ಟಿಲ್ಲ.

ಜನವರಿ 21, ಮಂಗಳವಾರ

ಕಣ್ಣು ಬಿಟ್ಟಳು.

ಮೊದಲ ಮಾತು, “ಇಲ್ಲಿನ ದಿಂಬು ಕಲ್ಲು.” ಎರಡನೇ ಮಾತು ನನ್ನನ್ನು ನೋಡಿ, “ನಿನ್ನ ಮುಖ ಏನೇ ಹೀಗಾಗಿದೆ, ಕೊಳೆತ ಮೂಲಂಗಿ ಥರ.” ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಳುವಿಗೆ ಕಾರಣ ಇಂಥದ್ದೇ ಎಂದು ಹೇಳಲಾರೆ.

ಜನವರಿ 23, ಗುರುವಾರ

ತಕಾಯುಕಿ ಮನೆಗೆ ಹೋಗಿ ಒಡೆದ ಗಾಜನ್ನು ಗುಡಿಸಿ ಬಂದಿದ್ದ. ಅತ್ತೆಯ ಹಾಸಿಗೆಯ ಪಕ್ಕ ಕೂತು ಸೇಬು ಹೆಚ್ಚುತ್ತಾ, ಮುಖ ಎತ್ತದೆ ಕೇಳಿದ.

“ಅಮ್ಮನ ಕೋಣೆ ಕಿಟಕಿಗೆ ಟೇಪ್ ಯಾಕಿತ್ತು?”

ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹಾಸಿಗೆಯಿಂದ ಮಾತು ಬಂತು.

“ನಾನೇ ಹಾಕ್ಸಿದ್ದು. ಚಳಿ ತಡೆಯೋಕಾಗ್ತಿರ್ಲಿಲ್ಲ. ಅಂಟ್ಸು ಅಂದೆ, ಅಂಟಿಸಿದ್ಲು. ಸೇಬು ಅಷ್ಟು ದಪ್ಪ ಹೆಚ್ಬೇಡ, ನನಗೆ ಹಲ್ಲಿಲ್ಲ.”

ಅವನು ಸೇಬನ್ನು ಇನ್ನೂ ತೆಳ್ಳಗೆ ಹೆಚ್ಚಿದ. ಅವನು ಕಾಫಿ ತರಲು ಹೋದಾಗ ನಾನು ಮಂಚದ ಕಬ್ಬಿಣ ಹಿಡಿದು ನಿಂತೆ. ಕ್ಷಮಿಸಿ ಎನ್ನಬೇಕು ಎಂದುಕೊಂಡವಳು ಕೇಳಿದ್ದು ಬೇರೆಯೇ.

“ಯಾಕೆ ಹಾಗಂದ್ರಿ ಅತ್ತೆ?”

“ನಿಜ ಹೇಳಿದ್ರೆ ಅವನು ನಿನ್ನ ಜೊತೆ ಬಾಳ್ತಾನಾ? ಆಮೇಲೆ ನನಗೆ ಗಂಜಿ ಯಾರು ಮಾಡೋರು, ಅವನಾ? ಅವನ ಗಂಜಿ ತಿಂದು ಸಾಯೋದಕ್ಕಿಂತ ಆ ಜನರೇಟರೇ ವಾಸಿ.” ಆಮೇಲೆ, “ಸ್ಟೋವ್ ಒಳಗೆ ತಂದಿಡು. ಕುಮಾಗಾಯ್ ಹತ್ರ ಆ ಅಲಾರಮ್ಮೂ ತಗೋ. ಎರಡು” ಅಂದರು.

ಜನವರಿ 31, ಶುಕ್ರವಾರ

ಅತ್ತೆ ಮನೆಗೆ ಬಂದು ಮೂರು ದಿನ. ಡಾಕ್ಟರು, ಈ ವಯಸ್ಸಿಗೆ ಇದು ಪವಾಡ ಅಂದರು. ಆದರೆ ಆರೇಳು ವಾರ ಕಣ್ಣಿಟ್ಟು ನೋಡುತ್ತಿರಿ ಎಂದೂ ಅಂದರು. ಕೆಲವರಿಗೆ ಚೆನ್ನಾಗಿದ್ದಂತೆಯೇ ಇದ್ದು ಆಮೇಲೆ ಬರುತ್ತದಂತೆ. ಏನು ಬರುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸ್ಟೋವ್ ಶೆಡ್ಡಿನಿಂದ ಬಂದು ಅತ್ತೆಯ ಕೋಣೆಯಲ್ಲಿ ಕೂತಿದೆ. ಪಕ್ಕದಲ್ಲಿ ಪರದೆ ಇಲ್ಲ, ಬಟ್ಟೆ ಒಣಹಾಕುವುದಿಲ್ಲ, ಉರಿಯುವಾಗ ಎಣ್ಣೆ ಸುರಿಯುವುದಿಲ್ಲ. ಅತ್ತೆ ಹೇಳುತ್ತಾರೆ, ನಾನು ಗೋಡೆಗೆ ಬರೆದು ಅಂಟಿಸುತ್ತೇನೆ. ಅಲಾರಂ ಎರಡು, ಒಂದು ಅಲ್ಲಿ, ಒಂದು ಮೇಲೆ ನಮ್ಮ ಕೋಣೆಯಲ್ಲಿ. ಜನರೇಟರಿಗೆ ತಕಾಯುಕಿ ಮನೆಯಿಂದ ದೂರ, ಶೆಡ್ಡಿನ ಆಚೆ, ಹಿಮ ಬೀಳದಂತೆ ನಾಲ್ಕೂ ಕಡೆ ತೆರೆದ ಚಪ್ಪರ ಹಾಕುತ್ತಿದ್ದಾನೆ. ಬತ್ತಿ ಕತ್ತರಿಸುವುದನ್ನು ಅತ್ತೆ ನನಗೆ ಕಲಿಸಿದರು.

“ವಾರೆ ಆಯ್ತು. ನೀನು ಉಗುರೂ ಹೀಗೇ ಕತ್ತರಿಸ್ತೀಯಾ?”

ಎಷ್ಟು ಹಿತವಾಗಿತ್ತು ಆ ಮಾತು.

ಫೆಬ್ರವರಿ 12, ಬುಧವಾರ

ಏನಿಲ್ಲ, ಸಣ್ಣ ವಿಷಯ. ಬೆಳಗ್ಗೆ ಅತ್ತೆ ಎರಡು ಕಾಲುಚೀಲವನ್ನೂ ಒಂದೇ ಕಾಲಿಗೆ ಹಾಕಿಕೊಂಡಿದ್ದರು. ನಾನು ನಕ್ಕೆ, ಅವರೂ ನಕ್ಕರು. ವಯಸ್ಸಾಯಿತಲ್ಲ.

ಫೆಬ್ರವರಿ 15, ಶನಿವಾರ

ಇವತ್ತು ಅತ್ತೆ ಗಂಜಿ ತಿಂದು, “ತುಂಬ ಚೆನ್ನಾಗಿದೆ” ಅಂದರು. ಬಟ್ಟಲು ಕೆಳಗಿಟ್ಟು ನನಗೆ ತಲೆಬಾಗಿದರು, ಹೊರಗಿನವರಿಗೆ ಬಾಗುವ ಹಾಗೆ.

ಉಪ್ಪು ಹೆಚ್ಚಾಯ್ತಾ ಎಂದು ಕೇಳಿದೆ. ಬೇಕೆಂದೇ ಎರಡು ಚಿಟಿಕೆ ಹೆಚ್ಚು ಹಾಕಿದ್ದೆ, ಬೈಯಲಿ ಎಂದು. “ಇಲ್ಲ ಇಲ್ಲ, ಹದವಾಗಿದೆ, ತೊಂದರೆ ಕೊಟ್ಟೆ ನಿಮಗೆ” ಅಂದರು.

ನಿಮಗೆ.

ಫೆಬ್ರವರಿ 20, ಗುರುವಾರ

ಮತ್ತೆ ಆಸ್ಪತ್ರೆ, ಮತ್ತೆ ಆ ಯಂತ್ರದೊಳಗೆ ತಲೆ. ಡಾಕ್ಟರು ಚಿತ್ರ ತೋರಿಸಿದರು. ಮಿದುಳಿನ ಒಳಗಡೆ ಬೆಳ್ಳಗೆ ಹರಡಿದೆ. ಹೇಳಿದ್ದರಲ್ಲ, ತಡವಾಗಿ ಬರುವುದು, ಅದೇ ಇದು. ಕೆಲವರು ಒಂದು ವರ್ಷದಲ್ಲಿ ಚೇತರಿಸಿಕೊಳ್ಳುತ್ತಾರಂತೆ. ಎಂಬತ್ತೆರಡಕ್ಕೆ ಅದನ್ನು ಹೇಳಲು ಬರುವುದಿಲ್ಲವಂತೆ. ಇನ್ನೂ ಇಳಿಯಬಹುದು, ನಡಿಗೆಯೂ ಹೋಗಬಹುದು ಅಂದರು.

ಬರುವಾಗ ದಾರಿಯಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮೇಲೆ, ನಾನು ಹೇಳಿಬಿಟ್ಟೆ.

“ಟೇಪ್ ಹಾಕಿದ್ದು ನಾನು. ಅವರು ತೆಗಿ ತೆಗಿ ಅಂತಿದ್ರು. ನಾನು ತೆಗೀಲಿಲ್ಲ.”

ತಕಾಯುಕಿ ರಸ್ತೆ ನೋಡುತ್ತಲೇ ಇದ್ದ. ಎರಡು ತಿರುವು ಕಳೆಯಿತು.

“ಗೊತ್ತು” ಅಂದ. “ಅಮ್ಮ ಜನ್ಮದಲ್ಲಿ ಒಂದು ದಿನಾನೂ ಕಿಟಕಿ ಮುಚ್ಚು ಅಂದೋಳಲ್ಲ.”

“ಮತ್ತೆ ಆವತ್ತೇ ಯಾಕೆ ಕೇಳ್ಲಿಲ್ಲ?”

“ಅವಳು ಆ ಮಾತು ಮುಗಿಸಿ ಸೇಬಿಗೆ ಹೋಗಿದ್ಲು.”

ಅಷ್ಟೇ. ಮನೆ ಬರುವ ತನಕ ಮಾತಿಲ್ಲ. ಇನ್ನು ಎಷ್ಟು ದಿನ ಇಲ್ಲವೋ. ಬೈದಿದ್ದರೆ ಚೆನ್ನಾಗಿತ್ತು. ಆದರೆ ಆ ಮನೆಯಲ್ಲಿ ಬೈಯುವುದು ತಾಯಿಯ ಕೆಲಸವಾಗಿತ್ತು, ಮಗ ಕಲಿಯಲೇ ಇಲ್ಲ.

ಫೆಬ್ರವರಿ 27, ಗುರುವಾರ

ತಕಾಯುಕಿ ಡಿಪೋದಲ್ಲೇ ಮಲಗಿದ. ಹಿಮ ಬೀಳುತ್ತಿಲ್ಲ.

ಮಾರ್ಚ್ 3, ಸೋಮವಾರ

ಬೆಳಗ್ಗೆ ಅರ್ಧ ಗಂಟೆ ಕರೆಂಟ್ ಹೋಗಿತ್ತು. ಸ್ಟೋವ್ ಹಚ್ಚಿದೆ. ಅತ್ತೆ ಕಿಟಕಿ ತೆಗೆಯುತ್ತಾರೇನೋ ಎಂದು ನೋಡುತ್ತಾ ಕೂತೆ. ಅವರು ಉರಿಯನ್ನು ನೋಡುತ್ತಾ ಕೂತಿದ್ದರು. ಇದು ಯಾರ ಸ್ಟೋವ್ ಎಂದು ಕೇಳಿದರು. ನಿಮ್ಮದೇ ಅಂದೆ. ಒಳ್ಳೇ ಸ್ಟೋವ್ ಅಂದರು. ನಾನೇ ಎದ್ದು ಕಿಟಕಿ ತೆಗೆದೆ.

ಮಾರ್ಚ್ 9, ಭಾನುವಾರ

ತಕಾಯುಕಿ ಮನೆಗೆ ಬಂದಿದ್ದಾನೆ. ಮಾತು ಕಡಿಮೆ, ಆದರೆ ಬಂದಿದ್ದಾನೆ. ಈಗ ಚಪ್ಪರಕ್ಕೆ ಮೊಳೆ ಹೊಡೆಯುತ್ತಿದ್ದಾನೆ.

ಇವತ್ತು ಮೂರು ಗಂಟೆಗೆ ಅತ್ತೆ ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು ಬಾಗಿದರು.

“ಬಹಳ ದಿನ ಇದ್ದುಬಿಟ್ಟೆ. ಚೆನ್ನಾಗಿ ನೋಡ್ಕೊಂಡ್ರಿ. ಇನ್ನು ಹೊರಡ್ತೀನಿ.”

“ಎಲ್ಲಿಗೆ ಅತ್ತೆ?”

“ಮನೆಗೆ. ಸೊಸೆ ಒಬ್ಬಳೇ ಇರ್ತಾಳೆ. ಮಗ ಹಿಮ ತಳ್ಳೋಕೆ ಹೋದ್ರೆ ನಾಲ್ಕು ನಾಲ್ಕು ದಿನ ಬರಲ್ಲ.”

ಕೂತುಕೊಳ್ಳಿ, ನಾಳೆ ಹೋದರಾಯಿತು ಅಂದೆ. ತಲೆಯಾಡಿಸಿದರು.

“ನಿಮಗೆ ಗೊತ್ತಿಲ್ಲ, ಅವಳ ಬಾಯಿ ಜೋರು. ನನ್ನ ಬಾಯಿಗೆ ಎದುರು ನಿಲ್ಲೋ ಅಂಥದ್ದು ಊರಲ್ಲಿ ಅದೊಂದೇ. ಆದ್ರೆ ನಾನು ಹೋಗೋ ತನಕ ಊಟ ಮಾಡಲ್ಲ. ಕಾಯ್ತಾ ಕೂತಿರ್ತಾಳೆ.”

ನಾನು ಯಾವತ್ತೂ ಕಾದವಳಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಇಲ್ಲ. ಅವರು ವೃದ್ಧರ ಸಂಘಕ್ಕೆ ಹೋದ ದಿನಗಳಲ್ಲಿ ನಾನು ಬೇಗ ಉಂಡು, ಬಟ್ಟಲು ತೊಳೆದು, ಅವರ ಪಾಲಿನದನ್ನು ಮುಚ್ಚಿಟ್ಟು ಮಹಡಿ ಹತ್ತಿಬಿಡುತ್ತಿದ್ದೆ, ಎದುರಾಗಬಾರದೆಂದು. ಮುಚ್ಚಿಟ್ಟ ಆ ಬಟ್ಟಲು ನೋಡಿ ಅವರು ಏನೆಂದುಕೊಳ್ಳುತ್ತಿದ್ದರೋ. ನಾನೂ ಉಣ್ಣದೆ ಕಾದಿದ್ದೇನೆ ಎಂದುಕೊಳ್ಳುತ್ತಿದ್ದಾರೆಂದು ಮಾತ್ರ ನನಗೆ ಹೊಳೆದೇ ಇರಲಿಲ್ಲ.

ಅವರಿಗೆ ಬೂಟು ಹಾಕಿಸಿದೆ. ಹಿಂಬಾಗಿಲಿಂದ ಕರೆದುಕೊಂಡು ಹೊರಟೆ. ಕೈ ಹಿಡಿದು ಮನೆಯ ಸುತ್ತ, ತೋಡಿದ ಹಿಮದ ಓಣಿಯಲ್ಲಿ, ಮೆಲ್ಲಗೆ. ಚಪ್ಪರದ ಹತ್ತಿರ ತಕಾಯುಕಿ ಸುತ್ತಿಗೆ ನಿಲ್ಲಿಸಿ ನೋಡಿದ. ಅತ್ತೆ ಅವನಿಗೂ ಬಾಗಿ, “ಕಷ್ಟದ ಕೆಲಸ, ಜೋಪಾನ” ಅಂದರು. ಅವನು ಟೋಪಿ ತೆಗೆದು ಬಾಗಿದ. ಅವನ ಮುಖವನ್ನು ನಾನು ನೋಡಲಿಲ್ಲ.

ಮುಂಬಾಗಿಲಿಗೆ ಬಂದೆವು. ಅವರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ನಾನು ಓಡಿ ಒಳಗೆ ಹೋಗಿ, ಬೂಟು ಕಿತ್ತು, ಏಪ್ರನ್ ಕಟ್ಟಿಕೊಂಡು ಬಾಗಿಲು ತೆರೆದೆ.

“ಬಂದ್ರಾ ಅತ್ತೆ” ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗೋಡೆ ಹಿಡಿದು ಒಳಗೆ ಬಂದು, ಬೂಟು ಬಿಚ್ಚಿ, ಎರಡನ್ನೂ ತಿರುಗಿಸಿ ಜೋಡಿಸಿ ಇಟ್ಟರು.

“ತಡವಾಯ್ತು. ಊಟ ಮಾಡಿದ್ಯಾ?”

“ಇಲ್ಲ. ನಿಮಗೇ ಕಾಯ್ತಿದ್ದೆ.”

“ದಡ್ಡಿ” ಅಂದರು.

ಬಡಿಸಿದೆ. ಎರಡು ಗಂಟೆಯ ಹಿಂದಷ್ಟೇ ಉಂಡಿದ್ದೆ, ಹೊಟ್ಟೆ ಬಿರಿಯುತ್ತಿತ್ತು. ಅವರ ಎದುರು ಕೂತು ಪೂರ್ತಿ ಉಂಡೆ.